ಅಡ್ವೆಂಚರ್ ಬೈಕ್ ಆರಿಸುವಾಗ ಸಿಸಿ ಆಮೇಲೆ, ತೂಕ ಮೊದಲು

"450 ಸಿಸಿ ಸಾಕಾಗುತ್ತಾ, ಇಲ್ಲ 700ಕ್ಕೆ ಹೋಗಬೇಕಾ? ಹೇಗೂ ಸಾಲ ಮಾಡೋದೇ ಆದರೆ ಒಂದೇ ಸಲ ಸಾವಿರ ಸಿಸಿಯ ಲೀಟರ್ ಬೈಕೇ ತಗೊಂಡುಬಿಡ್ಲಾ?" ಅಡ್ವೆಂಚರ್ ಬೈಕಿನ, ಅಂದರೆ ಡಾಂಬರು, ಮಣ್ಣುದಾರಿ ಎರಡರಲ್ಲೂ ದೂರ ಹೋಗಬಲ್ಲ ಬೈಕಿನ, ಹುಚ್ಚು ಹತ್ತಿದವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಇದೇ ಧಾಟಿಯಲ್ಲಿರುತ್ತದೆ. ಸಿಸಿ ಏರಿದಂತೆಲ್ಲ ಬೈಕ್ ಚೆನ್ನಾಗಿರುತ್ತದೆ, ನಮ್ಮ ದುಡ್ಡು ಎಲ್ಲಿ ಮುಗಿಯುತ್ತದೋ ಅಲ್ಲಿ ನಿಂತರಾಯಿತು ಎಂಬ ಲೆಕ್ಕ ಈ ಪ್ರಶ್ನೆಯ ಹಿಂದಿದೆ. ಡಾಂಬರು ರಸ್ತೆಯ ಮಟ್ಟಿಗೆ ಆ ಲೆಕ್ಕ ಅಷ್ಟಿಷ್ಟು ನಡೆದೀತು. ಡಾಂಬರು ಮುಗಿದು ಜಲ್ಲಿ, ಮರಳು, ಕೆಸರು ಶುರುವಾಗುವ ಕಡೆ ಅದು ತಲೆಕೆಳಗಾಗುತ್ತದೆ.

ಡಾಕರ್ ರ‍್ಯಾಲಿಯನ್ನೇ ನೋಡಿ. 2011ರಿಂದ ಅಲ್ಲಿ ಬೈಕುಗಳಿಗೆ 450 ಸಿಸಿ ಮಿತಿ. ಜಗತ್ತಿನ ಅತಿ ಕಠಿಣ ರ‍್ಯಾಲಿಯನ್ನು ಗೆಲ್ಲಲು ಅಷ್ಟು ಸಾಕು. ಹಾಗಂತ ಆ ಬೈಕುಗಳು ನಾವು ಕೊಳ್ಳುವಂಥವಲ್ಲ. ಸೀಟು ಹಲಗೆಯಷ್ಟು ಗಟ್ಟಿ, ಹಿಂದೆ ಇನ್ನೊಬ್ಬರು ಕೂರುವ ಜಾಗವೇ ಇಲ್ಲ. ನಾವು ಕೊಳ್ಳುವ ಅಡ್ವೆಂಚರ್ ಬೈಕುಗಳಿಗೆ ದಾರಿ ಹಾಕಿಕೊಟ್ಟದ್ದು 1980ರ ಬಿಎಂಡಬ್ಲ್ಯು ಆರ್ 80 ಜಿ/ಎಸ್. 797 ಸಿಸಿ, 50 ಅಶ್ವಶಕ್ತಿ, ಟ್ಯಾಂಕ್ ತುಂಬಿದರೆ ಸುಮಾರು 186 ಕೆ.ಜಿ. ಮರುವರ್ಷವೇ ಅದೇ ಬೈಕಿನ ರ‍್ಯಾಲಿ ರೂಪ ಪ್ಯಾರಿಸ್–ಡಾಕರ್ ಗೆದ್ದಿತು. ಅದೇ ವಂಶದ ಇಂದಿನ ಆರ್ 1300 ಜಿಎಸ್ 145 ಅಶ್ವಶಕ್ತಿ ಕೊಡುತ್ತದೆ, 237 ಕೆ.ಜಿ. ತೂಗುತ್ತದೆ. ಐವತ್ತು ಕೆ.ಜಿ. ಹೆಚ್ಚು. ಅಷ್ಟು ಭಾರಕ್ಕೆ ಪ್ರತಿಯಾಗಿ ಸಿಕ್ಕಿದ್ದೇನು, ಸಿಕ್ಕಿದ್ದು ನಿಮಗೆ ಬೇಕಾ ಅನ್ನುವುದೇ ಈ ಇಡೀ ಆಯ್ಕೆಯ ತಿರುಳು.

ಮೊದಲು ತೂಕ

ಸ್ಪೆಕ್ ಶೀಟ್ ಕೈಗೆ ಬಂದ ಕೂಡಲೇ ಕಣ್ಣು ಹೋಗಬೇಕಾದದ್ದು ಕರ್ಬ್ ವೇಟ್ ಸಾಲಿಗೆ. ಎಣ್ಣೆ, ಕೂಲೆಂಟ್, ಪೆಟ್ರೋಲ್ ಎಲ್ಲ ತುಂಬಿ ಓಡಿಸಲು ತಯಾರಾಗಿ ನಿಂತ ಬೈಕಿನ ತೂಕ ಅದು. ಕೆಲವು ಕಂಪನಿಗಳು ಡ್ರೈ ವೇಟ್, ಅಂದರೆ ಇವೇನೂ ತುಂಬದ ಬೈಕಿನ ತೂಕ, ಮಾತ್ರ ಕೊಟ್ಟು ಸುಮ್ಮನಾಗುತ್ತವೆ. ಅಲ್ಲಿ ಹುಷಾರಾಗಿರಿ. ಪೆಟ್ರೋಲ್ ಲೀಟರಿಗೆ ಸುಮಾರು ಮುಕ್ಕಾಲು ಕೆ.ಜಿ. ತೂಗುತ್ತದೆ, ಅಂದರೆ 20 ಲೀಟರ್ ಟ್ಯಾಂಕ್ ತುಂಬಿದರೆ 15 ಕೆ.ಜಿ. ಅದಲ್ಲದೆ ಎಂಜಿನ್ ಆಯಿಲ್, ಕೂಲೆಂಟ್, ಕೆಲವೊಮ್ಮೆ ಬ್ಯಾಟರಿ ಕೂಡ ಆ ಲೆಕ್ಕದಿಂದ ಹೊರಗಿರುತ್ತದೆ. ಒಂದರ ಡ್ರೈ ವೇಟ್, ಇನ್ನೊಂದರ ಕರ್ಬ್ ವೇಟ್ ಅಕ್ಕಪಕ್ಕ ಇಟ್ಟು ಹೋಲಿಸಿದರೆ ಹೋಲಿಕೆಯೇ ಸುಳ್ಳಾಗುತ್ತದೆ.

ಆಮೇಲೆ ನೀವು ಹಾಕಿಸುವ ಸಾಮಾನು. ಕ್ರ್ಯಾಶ್ ಗಾರ್ಡ್, ಎಂಜಿನ್ನಿನ ಕೆಳಭಾಗ ಕಾಯುವ ಅಲ್ಯೂಮಿನಿಯಂ ಬ್ಯಾಶ್ ಪ್ಲೇಟ್, ಪ್ಯಾನಿಯರ್ (ಪಕ್ಕದ ಪೆಟ್ಟಿಗೆ) ರ‍್ಯಾಕ್, ಎರಡು ಲೋಹದ ಪೆಟ್ಟಿಗೆ, ಮೇಲೊಂದು ಟಾಪ್ ಬಾಕ್ಸ್. ಬಟ್ಟೆ, ಟೆಂಟು ಇನ್ನೂ ಹತ್ತಿಲ್ಲ, ಆಗಲೇ 25–30 ಕೆ.ಜಿ. ಏರಿರುತ್ತದೆ.

ಮಣ್ಣುದಾರಿಯಲ್ಲಿ ಬೈಕ್ ಬೀಳುತ್ತದೆ. ಓಡಿಸುವವರು ಎಷ್ಟೇ ಪಳಗಿದವರಾಗಲಿ, ಬೀಳುತ್ತದೆ. ಬಿದ್ದದ್ದನ್ನು ಎತ್ತುವ ಕ್ರಮ ಹೀಗೆ: ಮೊದಲು ಇಗ್ನಿಷನ್ ಆಫ್. ಬಲಮಗ್ಗುಲಿಗೆ ಬಿದ್ದಿದ್ದರೆ ಸೈಡ್ ಸ್ಟ್ಯಾಂಡ್ ಮೊದಲೇ ಬಿಡಿಸಿಡಿ, ಎದ್ದ ಬೈಕ್ ಆಚೆ ಕಡೆಗೆ ಮಗುಚುವುದಿಲ್ಲ. ಗೇರಿನಲ್ಲಿರಲಿ, ಚಕ್ರ ಉರುಳಬಾರದು. ಹ್ಯಾಂಡಲ್ ಅನ್ನು ಬಿದ್ದ ಕಡೆಗೇ ಪೂರ್ತಿ ತಿರುಗಿಸಿ, ಬೈಕಿಗೆ ಬೆನ್ನು ಕೊಟ್ಟು ಕುಕ್ಕರಗಾಲಲ್ಲಿ ಕುಳಿತು, ಒಂದು ಕೈಯಲ್ಲಿ ಕೆಳಗಿನ ಗ್ರಿಪ್, ಇನ್ನೊಂದರಲ್ಲಿ ಹಿಂದಿನ ರ‍್ಯಾಕ್ ಅಥವಾ ಗಟ್ಟಿ ಚೌಕಟ್ಟು ಹಿಡಿದು, ಸೊಂಟದ ಮೇಲೆ ಭಾರ ಬಿಡದೆ ತೊಡೆಯ ಬಲದಿಂದ ಹಿಂದಕ್ಕೆ ಪುಟ್ಟ ಪುಟ್ಟ ಹೆಜ್ಜೆ ಹಾಕುತ್ತಾ ಎತ್ತಬೇಕು. ಸಮತಟ್ಟು ನೆಲದಲ್ಲಿ 200 ಕೆ.ಜಿ. ಹೀಗೆ ಏಳುತ್ತದೆ. ಇಳಿಜಾರಿನಲ್ಲಿ, ಕಾಲಡಿ ಜಲ್ಲಿ ಜಾರುತ್ತಿರುವಾಗ, ಒಂದೇ ಮಧ್ಯಾಹ್ನ ಮೂರನೇ ಸಲ ಎತ್ತಬೇಕಾಗಿ ಬಂದಾಗ ಅದೇ 200 ಕೆ.ಜಿ. ಜಗ್ಗುವುದಿಲ್ಲ.

ಹಾಗಾಗಿ ನನ್ನ ಮೊದಲ ಪ್ರಶ್ನೆ ಯಾವಾಗಲೂ ಇದು: ಒಬ್ಬರೇ ಹೋಗುತ್ತೀರಾ, ಜೊತೆಗೆ ಯಾರಾದರೂ ಇರುತ್ತಾರಾ? ಒಬ್ಬರೇ ಆದರೆ ಸಾಮಾನು ಸಮೇತ ನೀವೇ ಎತ್ತಬಲ್ಲಷ್ಟೇ ನಿಮ್ಮ ಮಿತಿ. ಜೊತೆಯಲ್ಲಿ ಇನ್ನಿಬ್ಬರಿದ್ದರೆ ಮಿತಿ ಸಡಿಲವಾಗುತ್ತದೆ. ಉಳಿದ ಯಾವ ಅಂಕಿಯನ್ನೂ ಇದನ್ನು ತೀರ್ಮಾನಿಸಿದ ಮೇಲೇ ನೋಡಿ.

ಸೀಟು, ಸಸ್ಪೆನ್ಷನ್, ಗ್ರೌಂಡ್ ಕ್ಲಿಯರೆನ್ಸ್

ಈ ಮೂರನ್ನೂ ಬೇರೆ ಬೇರೆಯಾಗಿ ನೋಡಿದರೆ ತಪ್ಪು ಲೆಕ್ಕವಾಗುತ್ತದೆ. ಒಂದನ್ನು ಎಳೆದರೆ ಇನ್ನೆರಡೂ ಹಿಂದೆಯೇ ಬರುತ್ತವೆ. ಹೀರೊ ಎಕ್ಸ್‌ಪಲ್ಸ್ 200 4ವಿ ಇದಕ್ಕೆ ಹೇಳಿಮಾಡಿಸಿದ ಉದಾಹರಣೆ, ಏಕೆಂದರೆ ಒಂದೇ ಬೈಕ್ ಎರಡು ರೂಪದಲ್ಲಿದೆ. ಸಾಮಾನ್ಯ ರೂಪದಲ್ಲಿ ಮುಂದಿನ ಸಸ್ಪೆನ್ಷನ್ ಟ್ರಾವೆಲ್ (ಚಕ್ರ ಮೇಲೆ ಕೆಳಗೆ ಆಡುವ ದೂರ) 190 ಮಿ.ಮೀ., ಗ್ರೌಂಡ್ ಕ್ಲಿಯರೆನ್ಸ್ (ನೆಲದಿಂದ ಬೈಕಿನ ತಳಕ್ಕಿರುವ ಅಂತರ) 220, ಸೀಟಿನ ಎತ್ತರ 825. ಪ್ರೊ ರೂಪದಲ್ಲಿ ಟ್ರಾವೆಲ್ 250ಕ್ಕೆ ಏರಿತು, ಕ್ಲಿಯರೆನ್ಸ್ 270 ಆಯಿತು, ಸೀಟು 891 ಮಿ.ಮೀ. ಎತ್ತರಕ್ಕೆ ಹೋಯಿತು. ಎಂಜಿನ್ ಅದೇ, ಚೌಕಟ್ಟು ಅದೇ. ಬಂಡೆ ಹಾಯುವ ತಾಕತ್ತು ಬಂತು, ಸಿಗ್ನಲ್ಲಿನಲ್ಲಿ ಎರಡೂ ಕಾಲೂರಿ ನಿಲ್ಲುವ ಸುಖ ಹೋಯಿತು.

ಮಣ್ಣು, ಜಲ್ಲಿ, ಹಾಳುಬಿದ್ದ ಡಾಂಬರು ನಿಮ್ಮ ದಾರಿಯಾದರೆ 180–200 ಮಿ.ಮೀ. ಟ್ರಾವೆಲ್ ಧಾರಾಳ. ಬಂಡೆ, ಗುಂಡಿ, ತೊರೆ ಹಾಯುವುದು, ಚೂರು ಹಾರಿಸುವುದು ಎಲ್ಲ ಬೇಕೆಂದರೆ 220ರಿಂದ ಮೇಲೆ ನೋಡಿ. ಇನ್ನೊಂದು ವಿಷಯ: ಶೀಟಿನಲ್ಲಿ ಬರೆದ ಕ್ಲಿಯರೆನ್ಸ್ ಮೈಮೇಲೆ ಯಾರೂ ಇಲ್ಲದ ಬೈಕಿನದು. ನೀವು ಹತ್ತಿ ಕೂತರೆ ಸಸ್ಪೆನ್ಷನ್ ತನ್ನ ಟ್ರಾವೆಲ್ಲಿನ ಕಾಲುಭಾಗದಿಂದ ಮೂರನೇ ಒಂದು ಭಾಗದಷ್ಟು ಇಳಿಯುತ್ತದೆ, ಇಳಿಯಲೇಬೇಕು ಕೂಡ. ಲಗೇಜು, ಹಿಂದೊಬ್ಬರು ಸೇರಿದರೆ ಇನ್ನಷ್ಟು. ಅದಕ್ಕೇ ಹಿಂದಿನ ಶಾಕಿನ ಪ್ರಿಲೋಡ್ (ಸ್ಪ್ರಿಂಗಿನ ಆರಂಭದ ಬಿಗಿ) ಕೈಯಲ್ಲೇ ತಿರುಗಿಸುವ ಗುಂಡಿಯಿದ್ದರೆ ಅದು ಬಣ್ಣದ ಡಿಸ್‌ಪ್ಲೇಗಿಂತ ಹತ್ತು ಪಟ್ಟು ಉಪಯೋಗದ ವಸ್ತು. ಸ್ಪ್ಯಾನರ್ ಹುಡುಕಿ, ಬಗ್ಗಿ, ಬೆರಳು ಸುಟ್ಟುಕೊಂಡು ಮಾಡಬೇಕಾದ ಕೆಲಸವನ್ನು ಯಾರೂ ದಾರಿಯಲ್ಲಿ ಮಾಡುವುದಿಲ್ಲ.

ಸೀಟಿನ ಎತ್ತರದ ಭಯವನ್ನು ಸ್ವಲ್ಪ ಕಡಿಮೆ ಮಾಡಿಕೊಳ್ಳಬಹುದು. ಸೀಟು ಮುಂಭಾಗದಲ್ಲಿ ಸಪೂರವಾಗಿದ್ದರೆ 870 ಮಿ.ಮೀ. ಕೂಡ ಎಟುಕುತ್ತದೆ, ಅಗಲವಾಗಿದ್ದರೆ 830 ಕೂಡ ಕಷ್ಟ. ಎರಡು ಕಾಲಿನ ತುದಿಬೆರಳಿಗಿಂತ ಒಂದು ಕಾಲಿನ ಪೂರ್ತಿ ಪಾದ ಊರುವುದು ಹೆಚ್ಚು ಭದ್ರ. ಎಟುಕಲೇ ಇಲ್ಲವೆಂದರೆ ತಗ್ಗು ಸೀಟು ಹಾಕಿಸಿ. ಬೈಕಿನ ಹಿಂಭಾಗ ತಗ್ಗಿಸುವ ಲೋವರಿಂಗ್ ಲಿಂಕ್ ಹಾಕಿಸಿದರೆ ಕ್ಲಿಯರೆನ್ಸ್ ಹೋಗುತ್ತದೆ, ಮುಂದಿನ ಫೋರ್ಕನ್ನೂ ಅಷ್ಟೇ ಇಳಿಸದಿದ್ದರೆ ಹ್ಯಾಂಡಲಿನ ಗುಣವೇ ಬದಲಾಗುತ್ತದೆ, ಸೈಡ್ ಸ್ಟ್ಯಾಂಡ್ ಉದ್ದವಾಗಿ ಬೈಕ್ ನೆಟ್ಟಗೆ ನಿಲ್ಲತೊಡಗುತ್ತದೆ. ಎತ್ತರದ ಬೈಕಿಗೆ ದುಡ್ಡು ಕೊಟ್ಟು ಮತ್ತೆ ದುಡ್ಡು ಕೊಟ್ಟು ಕುಳ್ಳಗಾಗಿಸುವ ಬದಲು ತಗ್ಗು ಬೈಕನ್ನೇ ಕೊಳ್ಳುವುದು ಮೇಲು.

ಚಕ್ರ, ಟೈರು, ಪಂಕ್ಚರು

ಬೈಕಿನ ಮನಸ್ಸು ಎಲ್ಲಿದೆ ಎಂದು ಮುಂದಿನ ಚಕ್ರವೇ ಹೇಳಿಬಿಡುತ್ತದೆ. 21 ಇಂಚು ಇದ್ದರೆ ಮಣ್ಣಿನ ಕಡೆ: ಗುಂಡಿ, ಕಲ್ಲುಗಳ ಮೇಲೆ ಸಲೀಸಾಗಿ ಹತ್ತುತ್ತದೆ, ಮರಳಿನಲ್ಲಿ ನೇರ ಹೋಗುತ್ತದೆ, ಡಾಂಬರಿನ ತಿರುವಿನಲ್ಲಿ ಬಾಗಲು ಸ್ವಲ್ಪ ಸೋಮಾರಿ. 19 ಇಂಚು ನಡುದಾರಿ. 17 ಇದ್ದರೆ ಅದು ಅಡ್ವೆಂಚರ್ ವೇಷ ಹಾಕಿದ ರಸ್ತೆ ಬೈಕ್, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಹಿಂದಿನ ಚಕ್ರ 18 ಇಂಚಾದರೆ ಪಕ್ಕಾ ಆಫ್-ರೋಡ್ ಟೈರುಗಳ ಆಯ್ಕೆ ಹೆಚ್ಚು, 17ಕ್ಕೆ ಕಡಿಮೆ.

ಅಲಾಯ್ ಚಕ್ರ ಕಲ್ಲಿಗೆ ಜೋರಾಗಿ ಬಡಿದರೆ ಬಿರುಕು ಬಿಡಬಹುದು. ಸ್ಪೋಕ್ ಚಕ್ರ ಬಾಗುತ್ತದೆ, ಬಾಗಿದ್ದನ್ನು ತಟ್ಟಿ ಸರಿಮಾಡಿ ಮುಂದೆ ಹೋಗಬಹುದು. ಆದರೆ ಸಾಮಾನ್ಯ ಸ್ಪೋಕ್ ಚಕ್ರಕ್ಕೆ ಒಳಗೆ ಟ್ಯೂಬ್ ಬೇಕೇ ಬೇಕು. ಪಂಕ್ಚರ್ ಆದಾಗ ಇದರ ವ್ಯತ್ಯಾಸ ಗೊತ್ತಾಗುವುದು. ಟ್ಯೂಬ್‌ಲೆಸ್ ಆದರೆ ಮೊಳೆ ಕಿತ್ತು, ತೂತನ್ನು ಉಜ್ಜಿ, ಅಂಟು ಹಚ್ಚಿದ ರಬ್ಬರ್ ಪಟ್ಟಿ ತುರುಕಿ, ಪುಟ್ಟ ಪಂಪಿನಿಂದ ಗಾಳಿ ತುಂಬಿದರೆ ಹತ್ತು ನಿಮಿಷದ ಕೆಲಸ, ಚಕ್ರ ಬಿಚ್ಚುವ ಮಾತೇ ಇಲ್ಲ. ಟ್ಯೂಬ್ ಆದರೆ ಬೈಕನ್ನು ಯಾವುದಾದರೂ ಆಸರೆಯ ಮೇಲೆ ಎತ್ತಿ ನಿಲ್ಲಿಸಿ, ಆಕ್ಸಲ್ ಕಳಚಿ, ಚಕ್ರ ಹೊರತೆಗೆದು, ರಿಮ್ಮಿಗೆ ಕಚ್ಚಿಕೊಂಡ ಟೈರಿನ ಅಂಚನ್ನು ತುಳಿದು ಬಿಡಿಸಿ, ಲಿವರ್ ಹಾಕಿ ಎಬ್ಬಿಸಿ, ಹಳೇ ಟ್ಯೂಬ್ ಎಳೆದು, ಹೊಸದನ್ನು ಲಿವರಿನ ತುದಿಗೆ ಸಿಕ್ಕಿಸಿ ಹರಿಯದ ಹಾಗೆ ಕೂರಿಸಬೇಕು. ಅಭ್ಯಾಸವಿದ್ದವರಿಗೂ ಅರ್ಧ ಮುಕ್ಕಾಲು ಗಂಟೆ, ಬಿಸಿಲಿದ್ದರೆ ಬೆವರು ಬೇರೆ.

ಸ್ಪೋಕನ್ನು ರಿಮ್ಮಿನ ಅಂಚಿಗೆ ಕಟ್ಟಿ, ಗಾಳಿ ಸೋರದ ಹಾಗೆ ಮಾಡಿದ ಟ್ಯೂಬ್‌ಲೆಸ್ ಸ್ಪೋಕ್ ಚಕ್ರ ಎರಡರ ಗುಣವನ್ನೂ ಕೊಡುತ್ತದೆ. ಟ್ರಯಂಫ್ ಟೈಗರ್ 900 ರ‍್ಯಾಲಿ ಪ್ರೊಗೆ ಇದು ಮೊದಲಿನಿಂದಲೇ ಬರುತ್ತದೆ. ಯಮಾಹಾ ಟೆನೆರೆ 700, ಸುಜುಕಿ ವಿ-ಸ್ಟ್ರಾಮ್ 800ಡಿಇ ಎರಡಕ್ಕೂ ಟ್ಯೂಬೇ. ಸ್ವಲ್ಪ ಹೆಚ್ಚು ಕೊಟ್ಟರೆ ಟ್ಯೂಬ್‌ಲೆಸ್ ಸ್ಪೋಕ್ ಸಿಗುತ್ತದೆ ಅನ್ನುವಲ್ಲಿ ಜಿಪುಣತನ ಮಾಡಬೇಡಿ.

ಟೈರಿನ ಬಗ್ಗೆ ಒಂದೇ ಮಾತು: ಶೋರೂಮಿನಿಂದ ಬರುವ ಟೈರು ಬಹುಪಾಲು ಡಾಂಬರಿನ ಕಡೆಗೇ ವಾಲಿರುತ್ತದೆ. ಗಡಸು ಗುಬುಟಿನ ಟೈರು ಹಾಕಿದ ಸಾಧಾರಣ ಬೈಕ್, ನುಣುಪು ಟೈರಿನ ದುಬಾರಿ ಬೈಕನ್ನು ಕೆಸರಿನಲ್ಲಿ ಹಿಂದೆ ಹಾಕುತ್ತದೆ. ಗುಬುಟು ಟೈರು ಡಾಂಬರಿನಲ್ಲಿ ಬೇಗ ಸವೆಯುತ್ತದೆ, ಸದ್ದು ಮಾಡುತ್ತದೆ, ಮಳೆಯಲ್ಲಿ ಬ್ರೇಕಿನ ದೂರ ಹೆಚ್ಚಾಗುತ್ತದೆ. ಅದನ್ನು ಒಪ್ಪಿಕೊಂಡೇ ಹಾಕಿಸಬೇಕು.

ಎಂಜಿನ್, ಟ್ಯಾಂಕ್, ಮಿಕ್ಕಿದ್ದು

ಅಶ್ವಶಕ್ತಿ ಹೆದ್ದಾರಿಯ ಅಂಕಿ, ಟಾರ್ಕ್ ಮಣ್ಣಿನ ಅಂಕಿ. ಟಾರ್ಕ್ ಎಷ್ಟು ಎನ್ನುವುದಕ್ಕಿಂತ ಎಷ್ಟು ಆರ್‌ಪಿಎಮ್‌ನಲ್ಲಿ ಎನ್ನುವುದು ಮುಖ್ಯ. ಕಲ್ಲುದಾರಿಯ ಏರಿನಲ್ಲಿ ಎರಡನೇ ಗೇರಿನಲ್ಲಿ ಕ್ಲಚ್ ಮುಟ್ಟದೆ ಹತ್ತಿಸಬಲ್ಲ ಎಂಜಿನ್ ನಿಮ್ಮ ಎಡಗೈಯನ್ನು ಉಳಿಸುತ್ತದೆ. ಒಂಟಿ ಸಿಲಿಂಡರ್ ಹಗುರ, ಸರಳ, ಗಂಟೆಗೆ ನೂರರ ಮೇಲೆ ಕೈಕಾಲಿಗೆ ನಡುಕ. ಜೋಡಿ ಸಿಲಿಂಡರಿನಲ್ಲಿ ಈಗ 270 ಡಿಗ್ರಿ ಕ್ರ್ಯಾಂಕ್ ರೂಢಿಯಾಗಿದೆ. ಟೆನೆರೆ, ವಿ-ಸ್ಟ್ರಾಮ್ 800ಡಿಇ, ಆಫ್ರಿಕಾ ಟ್ವಿನ್ ಮೂರರಲ್ಲೂ ಅದೇ. ಸಿಲಿಂಡರುಗಳು ಸಮ ಅಂತರದಲ್ಲಿ ಉರಿಯದೆ ಒಂದರ ಹಿಂದೊಂದು ಬಡಿದು ಬಿಡುವು ಕೊಡುವುದರಿಂದ ಸಡಿಲ ನೆಲದಲ್ಲಿ ಹಿಂದಿನ ಚಕ್ರದ ಹಿಡಿತ ಸವಾರನಿಗೆ ಚೆನ್ನಾಗಿ ಗೊತ್ತಾಗುತ್ತದೆ. ಟ್ರಯಂಫ್ ಅಂತೂ ಮೂರು ಸಿಲಿಂಡರಿಗೂ ಇಂಥದೇ ಅಸಮ ಬಡಿತ ಬರಲೆಂದು ಟಿ-ಪ್ಲೇನ್ ಕ್ರ್ಯಾಂಕ್ ಮಾಡಿತು.

ಟ್ಯಾಂಕಿನ ವಿಷಯದಲ್ಲಿ ಲೀಟರ್ ನೋಡಬೇಡಿ, ದೂರ ನೋಡಿ. ಲೀಟರಿಗೆ 28 ಕಿ.ಮೀ. ಕೊಡುವ ಬೈಕಿಗೆ 17 ಲೀಟರಿನಲ್ಲಿ 476 ಕಿ.ಮೀ. ಬರಬೇಕು. ಮರಳು, ಕೆಸರಿನಲ್ಲಿ ತಗ್ಗು ಗೇರಿನಲ್ಲೇ ಎಳೆದು ಮೈಲೇಜ್ 20ಕ್ಕೆ ಇಳಿದರೆ 340. ಇನ್ನಷ್ಟು ಎಚ್ಚರಿಕೆಗೆ ಎರಡು ಲೀಟರ್ ಬದಿಗಿಟ್ಟರೆ 300. ಎರಡು ಪೆಟ್ರೋಲ್ ಬಂಕುಗಳ ನಡುವೆ ನಿಮ್ಮ ದಾರಿಯಲ್ಲಿ ಇದಕ್ಕಿಂತ ಹೆಚ್ಚು ದೂರ ಯಾವಾಗಲಾದರೂ ಇರುತ್ತದೆಯೇ? ಇಲ್ಲವೆಂದರೆ 30 ಲೀಟರ್ ಟ್ಯಾಂಕನ್ನು ಹೊತ್ತು ತಿರುಗುವುದು ಬರಿಯ ಭಾರ.

ಎಲೆಕ್ಟ್ರಾನಿಕ್ಸ್‌ನಲ್ಲಿ ಬಿಡಲೇಬಾರದ್ದು ಒಂದೇ: ಹಿಂದಿನ ಚಕ್ರದ ಎಬಿಎಸ್ ಆಫ್ ಮಾಡುವ ಸೌಲಭ್ಯ. ಸಡಿಲ ಜಲ್ಲಿಯ ಇಳಿಜಾರಿನಲ್ಲಿ ಎಬಿಎಸ್ ಬ್ರೇಕನ್ನು ಬಿಟ್ಟು ಬಿಟ್ಟು ಹಿಡಿಯುತ್ತಾ ಬೈಕನ್ನು ಕೆಳಗೆ ಓಡಲು ಬಿಟ್ಟುಬಿಡುತ್ತದೆ; ಚಕ್ರ ಲಾಕ್ ಆದರೆ ಅದರ ಮುಂದೆ ಮಣ್ಣು ಗುಡ್ಡೆಯಾಗಿ ನಿಲ್ಲಿಸುತ್ತದೆ. ಚಕ್ರ ಜಾರಿದರೆ ಎಂಜಿನ್ನಿನ ಶಕ್ತಿ ತಗ್ಗಿಸುವ ಟ್ರ್ಯಾಕ್ಷನ್ ಕಂಟ್ರೋಲ್ ಇದ್ದರೆ ಅದನ್ನೂ ಆಫ್ ಮಾಡುವಂತಿರಬೇಕು, ಇಲ್ಲದಿದ್ದರೆ ಮರಳಿನಲ್ಲಿ ಎಂಜಿನ್ ಉಸಿರುಗಟ್ಟಿ ನಿಲ್ಲುತ್ತದೆ. ಬೈಕ್ ವಾಲಿದ ಕೋನ ಅಳೆಯುವ ಐಎಂಯು, ಕಾರ್ನರಿಂಗ್ ಎಬಿಎಸ್ 200 ಕೆ.ಜಿ., 90 ಅಶ್ವಶಕ್ತಿ ದಾಟಿದ ಬೈಕಿಗೆ, ಅದೂ ಒದ್ದೆ ಡಾಂಬರಿನಲ್ಲಿ, ನಿಜಕ್ಕೂ ಬೆಲೆಬಾಳುವ ಸಂಗತಿ. ಆರು ರೈಡ್ ಮೋಡ್, ಫೋನಿನ ಹಾಡು ಬದಲಿಸುವ ಗುಂಡಿ ಇತ್ಯಾದಿ ಇದ್ದರೆ ಇರಲಿ.

ಹಿಂದೊಬ್ಬರು ಕೂರುವುದಾದರೆ ಪೇಲೋಡ್ ಲೆಕ್ಕ ಹಾಕಿ: ಒಟ್ಟು ಅನುಮತಿಸಿದ ತೂಕದಲ್ಲಿ ಕರ್ಬ್ ವೇಟ್ ಕಳೆಯಿರಿ. ಆರ್ 1300 ಜಿಎಸ್‌ಗೆ 465ರಲ್ಲಿ 237 ಕಳೆದರೆ 228 ಕೆ.ಜಿ. ಉಳಿಯುತ್ತದೆ, ಇಬ್ಬರು, ಮೂರು ಪೆಟ್ಟಿಗೆ ಆರಾಮಾಗಿ ಹೊಂದುತ್ತದೆ. ಸಣ್ಣ ಬೈಕುಗಳಲ್ಲಿ ಈ ಅಂಕಿ ಇಬ್ಬರು ಕೂತೊಡನೆ ಮುಗಿಯುವುದುಂಟು. ಆಫ್-ರೋಡಿಗೆ ಹೋಗುವುದಾದರೆ ಲೋಹದ ಪ್ಯಾನಿಯರ್ ಬೇಡವೇ ಬೇಡ. ನೆಲಕ್ಕೆ ಕಾಲು ಕೊಟ್ಟಾಗ ಪೆಟ್ಟಿಗೆ ಮೀನಖಂಡಕ್ಕೆ ಬಂದು ಬಡಿದು ಕಾಲು ಮುರಿದವರಿದ್ದಾರೆ. ಬಟ್ಟೆಯ ಚೀಲ ಕಟ್ಟಿಕೊಳ್ಳಿ.

ಬೈಕುಗಳನ್ನು ಒರೆಗೆ ಹಚ್ಚಿದರೆ

200ರಿಂದ 300 ಸಿಸಿಯವರೆಗಿನ ಗುಂಪಿನಲ್ಲಿ ಎಕ್ಸ್‌ಪಲ್ಸ್ 200 4ವಿ, ಹೋಂಡಾ ಸಿಆರ್‌ಎಫ್300ಎಲ್ ರ‍್ಯಾಲಿ ಇವೆ. ಮೊದಲನೆಯದು ಸುಮಾರು 19 ಅಶ್ವಶಕ್ತಿ, 160 ಕೆ.ಜಿ. ಆಸುಪಾಸು, ಎರಡನೆಯದು 286 ಸಿಸಿ, 27 ಅಶ್ವಶಕ್ತಿ, 153 ಕೆ.ಜಿ., 260 ಮಿ.ಮೀ. ಟ್ರಾವೆಲ್, 885 ಮಿ.ಮೀ. ಸೀಟು. ಮಣ್ಣಿನಲ್ಲಿ ಇವುಗಳಷ್ಟು ಖುಷಿ ಕೊಡುವ, ಬಿದ್ದರೂ ಬೆದರಿಸದ, ಕಲಿಯಲು ಒಳ್ಳೆಯ ಬೈಕು ಬೇರೆಯಿಲ್ಲ. ಎರಡಕ್ಕೂ 13 ಲೀಟರ್ ಆಸುಪಾಸಿನ ಟ್ಯಾಂಕ್, ಎರಡೂ ಕುಡಿಯುವ ಪೆಟ್ರೋಲೂ ಕಡಿಮೆ. ಹೆದ್ದಾರಿಯಲ್ಲಿ ಇಡೀ ದಿನ ಓಡಿಸುವುದು ಮಾತ್ರ ತಾಳ್ಮೆಯ ಪರೀಕ್ಷೆ: ಎದುರುಗಾಳಿಯಿದ್ದರೆ, ಏರಿದ್ದರೆ, ಲಾರಿ ಹಿಂದಿಕ್ಕಬೇಕಿದ್ದರೆ ಎಂಜಿನ್ನಿನಲ್ಲಿ ಮಿಗಿಲೇನೂ ಉಳಿದಿರುವುದಿಲ್ಲ. ಹಳ್ಳಿದಾರಿ, ಕಾಡುದಾರಿಗಳಲ್ಲೇ ನಿಧಾನವಾಗಿ ದೇಶ ನೋಡುವವರಿಗೆ ಇದು ಕೊರತೆಯೇ ಅಲ್ಲ.

400–450 ಗುಂಪು ಇತ್ತೀಚೆಗೆ ಬಲು ಚುರುಕಾಗಿದೆ. ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450: 452 ಸಿಸಿ, 40 ಅಶ್ವಶಕ್ತಿ, 5,500 ಆರ್‌ಪಿಎಮ್‌ನಲ್ಲಿ 40 ನ್ಯೂಟನ್ ಮೀಟರ್, ಎರಡೂ ಕಡೆ 200 ಮಿ.ಮೀ. ಟ್ರಾವೆಲ್, 230 ಕ್ಲಿಯರೆನ್ಸ್, 17 ಲೀಟರ್ ಟ್ಯಾಂಕ್, 196 ಕೆ.ಜಿ. ಇದರ ಹಿಂದಿನ 411 ಸಿಸಿ ಹಿಮಾಲಯನ್ 24 ಅಶ್ವಶಕ್ತಿಯಲ್ಲಿ 199 ಕೆ.ಜಿ. ಹೊರುತ್ತಿತ್ತು ಅನ್ನುವುದನ್ನು ನೆನೆದರೆ ಎಷ್ಟು ಮುಂದೆ ಬಂದಿದೆ ಎಂದು ಗೊತ್ತಾಗುತ್ತದೆ. ಸೀಟು 825ರಿಂದ 845ರ ನಡುವೆ ಹೊಂದಿಸಬಹುದು. ನಿಧಾನದ, ಗಟ್ಟಿಮುಟ್ಟಾದ, ಲಗೇಜು ಹೊರುವ ಸ್ವಭಾವ ಇದರದು. ಆದರೂ 196 ಕೆ.ಜಿ. ಒಂಟಿ ಸಿಲಿಂಡರಿಗೆ ಜಾಸ್ತಿಯೇ.

ಹೊಸ ಕೆಟಿಎಂ 390 ಅಡ್ವೆಂಚರ್ ಹಗುರ, ಚೂಟಿ, 399 ಸಿಸಿಯಲ್ಲೇ 45 ಅಶ್ವಶಕ್ತಿಯ ಆಸುಪಾಸು. ಆದರೆ ಆ ಶಕ್ತಿ ಮೇಲಿನ ಆರ್‌ಪಿಎಮ್‌ನಲ್ಲಿದೆ. ತಗ್ಗಿನಲ್ಲಿ ಗೇರು, ಕ್ಲಚ್ಚಿನ ಕೆಲಸ ಹೆಚ್ಚು. ಕೊಳ್ಳುವಾಗ ಬಾಲಂಗೋಚಿಯ ಅಕ್ಷರ ನೋಡಿಯೇ ಕೊಳ್ಳಿ: 'ಎಕ್ಸ್' ರೂಪಕ್ಕೆ 19 ಇಂಚಿನ ಅಲಾಯ್ ಚಕ್ರ, 'ಆರ್' ರೂಪಕ್ಕೆ 21/18 (ಮುಂದೆ/ಹಿಂದೆ, ಇಂಚು) ಸ್ಪೋಕ್, 230 ಮಿ.ಮೀ. ಟ್ರಾವೆಲ್, 870 ಮಿ.ಮೀ. ಸೀಟು. ಒಂದೇ ಹೆಸರಿನ ಎರಡು ಬೇರೆ ಬೈಕುಗಳು ಇವು. ಸಿಎಫ್‌ಮೋಟೊ 450ಎಂಟಿ ಇದೇ ಅಳತೆಯಲ್ಲಿ ಜೋಡಿ ಸಿಲಿಂಡರ್, 270 ಡಿಗ್ರಿ ಕ್ರ್ಯಾಂಕ್, 17.5 ಲೀಟರ್ ಟ್ಯಾಂಕ್ ಕೊಡುತ್ತದೆ. ಹೆದ್ದಾರಿಯ ನಯಕ್ಕೆ ಮೂರರಲ್ಲಿ ಇದೇ ಮುಂದೆ. ನಿಮ್ಮ ಊರಿನ ಆಸುಪಾಸಿನಲ್ಲಿ ಸರ್ವಿಸ್ ಸೆಂಟರ್ ಯಾರದಿದೆ ಅನ್ನುವುದು ಈ ಮೂರರ ನಡುವಿನ ಜಗಳವನ್ನು ಎಷ್ಟೋ ಸಲ ತಾನೇ ಬಗೆಹರಿಸಿಬಿಡುತ್ತದೆ.

650–900ರ ನಡುವಿನದು ನಿಜವಾದ ತಲೆನೋವು, ಏಕೆಂದರೆ ಇಲ್ಲಿ ಕೆಟ್ಟ ಬೈಕೇ ಇಲ್ಲ. ಟೆನೆರೆ 700: 689 ಸಿಸಿ, 73 ಅಶ್ವಶಕ್ತಿ, 205 ಕೆ.ಜಿ. ಚಿಲ್ಲರೆ, 240 ಮಿ.ಮೀ. ಕ್ಲಿಯರೆನ್ಸ್, 875 ಮಿ.ಮೀ. ಸೀಟು, 21/18 ಚಕ್ರ. ವರ್ಷಗಟ್ಟಲೆ ಇದಕ್ಕೆ ಎಬಿಎಸ್ ಬಿಟ್ಟರೆ ಹೆಚ್ಚೇನೂ ಎಲೆಕ್ಟ್ರಾನಿಕ್ಸ್ ಇರಲಿಲ್ಲ. 2025ರ ರೂಪಕ್ಕೆ ರೈಡ್-ಬೈ-ವೈರ್ (ಕೇಬಲ್ ಬದಲು ಎಲೆಕ್ಟ್ರಾನಿಕ್ ಥ್ರಾಟಲ್), ಟ್ರ್ಯಾಕ್ಷನ್ ಕಂಟ್ರೋಲ್ ಬಂತು. ವಾಲ್ವ್ ಪರಿಶೀಲನೆ 40,000 ಕಿ.ಮೀ.ಗೊಮ್ಮೆ. ದೂರದ ಊರುಗಳಿಗೆ ಒಂಟಿಯಾಗಿ ಹೋಗುವವರು ಮತ್ತೆ ಮತ್ತೆ ಇದಕ್ಕೇ ಬಂದು ನಿಲ್ಲುವುದು ಸುಮ್ಮನೆ ಅಲ್ಲ. ಎತ್ತರ ಮಾತ್ರ ಎಲ್ಲರಿಗೂ ಒಗ್ಗುವುದಿಲ್ಲ, ಭಾರವೂ ಮೇಲ್ಭಾಗದಲ್ಲಿದೆ.

ವಿ-ಸ್ಟ್ರಾಮ್ 800ಡಿಇ 776 ಸಿಸಿ, 84 ಅಶ್ವಶಕ್ತಿ, 220 ಮಿ.ಮೀ. ಟ್ರಾವೆಲ್, 20 ಲೀಟರ್ ಟ್ಯಾಂಕ್, 855 ಮಿ.ಮೀ. ಸೀಟು ಕೊಡುತ್ತದೆ, ಆದರೆ 230 ಕೆ.ಜಿ. ಮುಕ್ಕಾಲುಪಾಲು ಹೆದ್ದಾರಿ, ಕಾಲುಪಾಲು ಮಣ್ಣು, ಆಗಾಗ ಹಿಂದೊಬ್ಬರು ಎಂದಾದರೆ ಟೆನೆರೆಗಿಂತ ಇದು ಹಿತ. ಟೈಗರ್ 900 ರ‍್ಯಾಲಿ ಪ್ರೊ 888 ಸಿಸಿ, 108 ಅಶ್ವಶಕ್ತಿ, ಮುಂದೆ 240 ಮಿ.ಮೀ. ಟ್ರಾವೆಲ್, 228 ಕೆ.ಜಿ.; ಎಲ್ಲವನ್ನೂ ಚೆನ್ನಾಗಿ ಮಾಡುತ್ತದೆ, ಎಲ್ಲಕ್ಕೂ ದುಡ್ಡು ಕೇಳುತ್ತದೆ. ಕೆಟಿಎಂ 890 ಅಡ್ವೆಂಚರ್ ಆರ್ ತನ್ನ 20 ಲೀಟರ್ ಪೆಟ್ರೋಲನ್ನು ಎಂಜಿನ್ನಿನ ಎರಡು ಬದಿಗೆ ಕೆಳಗಿಳಿಸಿಟ್ಟಿದೆ. ತೂಕದ ಕೇಂದ್ರ ತಗ್ಗಿನಲ್ಲಿರುವುದರಿಂದ ನಿಧಾನದ ತಿರುವಿನಲ್ಲಿ ಅಂಕಿ ಹೇಳುವುದಕ್ಕಿಂತ ಹಗುರವಾಗಿ ನಡೆದುಕೊಳ್ಳುತ್ತದೆ. ಬೈಕ್ ಪಕ್ಕಕ್ಕೆ ಬಿದ್ದಾಗ ನೆಲ ಕಾಣುವುದೂ ಆ ಟ್ಯಾಂಕೇ, ಗಾರ್ಡ್ ಹಾಕಿಸಿಕೊಳ್ಳಿ.

ಸಾವಿರ ಸಿಸಿ ದಾಟಿದ ಮೇಲೆ ಹೋಂಡಾ ಆಫ್ರಿಕಾ ಟ್ವಿನ್ ಮಣ್ಣಿನ ಕಡೆಯದು: 1,084 ಸಿಸಿ, 102 ಅಶ್ವಶಕ್ತಿ, 250 ಮಿ.ಮೀ. ಕ್ಲಿಯರೆನ್ಸ್, 21/18 ಚಕ್ರ, ಗೇರ್ ರೂಪ 230 ಕೆ.ಜಿ. ಆಸುಪಾಸು. ಕ್ಲಚ್ ಲಿವರೇ ಇಲ್ಲದ, ಗೇರನ್ನು ತಾನೇ ಬದಲಿಸುವ ಡಿಸಿಟಿ ರೂಪ ಅದಕ್ಕಿಂತ ಸುಮಾರು 10 ಕೆ.ಜಿ. ಹೆಚ್ಚು. ಡಿಸಿಟಿಯನ್ನು ಮೂಗು ಮುರಿದು ನೋಡುವವರಿದ್ದಾರೆ. ಕಲ್ಲಿನ ಏರಿನಲ್ಲಿ ಎಂಜಿನ್ ಆಫ್ ಆಗುವ ಭಯವೇ ಇಲ್ಲದಿರುವುದು ಎಷ್ಟು ನಿರಾಳ ಎಂದು ಒಮ್ಮೆ ಓಡಿಸಿ ನೋಡಿದರೆ ಅಭಿಪ್ರಾಯ ಬದಲಾದೀತು. ಆರ್ 1300 ಜಿಎಸ್ 19 ಇಂಚಿನ ಮುಂಚಕ್ರ, ಚೈನಿನ ಗೊಡವೆಯಿಲ್ಲದ ಶಾಫ್ಟ್ ಡ್ರೈವ್, 149 ನ್ಯೂಟನ್ ಮೀಟರ್ ಟಾರ್ಕ್, ಬೇಕಿದ್ದರೆ ನಿಂತಾಗ ಸೀಟನ್ನು 850ರಿಂದ 820ಕ್ಕೆ ತಾನೇ ಇಳಿಸುವ ವ್ಯವಸ್ಥೆ. ಇಬ್ಬರು ಕೂತು, ಪೆಟ್ಟಿಗೆ ಹೊತ್ತು, ದಿನಕ್ಕೆ ಆರೇಳುನೂರು ಕಿ.ಮೀ. ಹೋಗಿ, ಸಂಜೆ ಬೆನ್ನು ನೋಯದೆ ಇಳಿಯಬೇಕೆಂದರೆ ಇದರ ಮುಂದೆ ನಿಲ್ಲುವುದು ಕಷ್ಟ. ಕೆಸರಿನಲ್ಲಿ ಹೂತುಹೋದರೆ ಮಾತ್ರ ಹೊರತೆಗೆಯಲು ಒಬ್ಬರ ಕೈ ಸಾಲದು.

ದುಡ್ಡು, ಮತ್ತು ತೀರ್ಮಾನ

ಕೈಯಲ್ಲಿರುವ ಅಷ್ಟನ್ನೂ ಬೈಕಿಗೇ ಸುರಿಯಬೇಡಿ. ಐದರಲ್ಲಿ ಒಂದು ಪಾಲನ್ನಾದರೂ ತೆಗೆದಿಡಿ: ಮೊದಲು ಗಟ್ಟಿ ಆಫ್-ರೋಡ್ ಬೂಟು, ಆಮೇಲೆ ಬ್ಯಾಶ್ ಪ್ಲೇಟ್, ಹ್ಯಾಂಡ್ ಗಾರ್ಡ್, ಸರಿಯಾದ ಟೈರು, ಸಾಧ್ಯವಾದರೆ ಎರಡು ದಿನದ ತರಬೇತಿ. ಬ್ಯಾಶ್ ಪ್ಲೇಟ್ ಪ್ಲಾಸ್ಟಿಕ್ ಆಗಿದ್ದರೆ ಅದು ಕೆಸರು ತಡೆಯುತ್ತದೆ, ಬಂಡೆಯನ್ನಲ್ಲ. ಸೆಕೆಂಡ್ ಹ್ಯಾಂಡ್ ನೋಡುವವರು ಓಡೋಮೀಟರನ್ನು ನಂಬುವ ಮೊದಲು ಬಗ್ಗಿ ಎಂಜಿನ್ನಿನ ಕೆಳಭಾಗ ನೋಡಿ, ಫೋರ್ಕಿನ ನಳಿಗೆಯ ಮೇಲೆ ಉಗುರಾಡಿಸಿ ಗೀರು ಹುಡುಕಿ, ಚಕ್ರ ತಿರುಗಿಸಿ ರಿಮ್ಮಿನ ಸೊಟ್ಟ ನೋಡಿ, ಸ್ಪೋಕುಗಳನ್ನು ಸ್ಪ್ಯಾನರಿನಿಂದ ಒಂದೊಂದಾಗಿ ತಟ್ಟಿ. ಬಿಗಿಯಾದದ್ದು ಠಣ್ ಎನ್ನುತ್ತದೆ, ಸಡಿಲವಾದದ್ದು ಮಂಕು ಸದ್ದು ಮಾಡುತ್ತದೆ.

ಆಫ್-ರೋಡಿಗೆ ಹೊಸಬರು, ಬಜೆಟ್ ಬಿಗಿ: 200–300ರಲ್ಲೇ ಕಲಿಯಿರಿ, ಆಮೇಲೆ ಮಾರುವಾಗ ಹೆಚ್ಚು ನಷ್ಟವೂ ಇರುವುದಿಲ್ಲ. ಒಂದೇ ಬೈಕಿನಲ್ಲಿ ದಿನದ ಓಡಾಟ, ದೂರದ ಪ್ರವಾಸ, ಮಣ್ಣುದಾರಿ ಮೂರೂ ಆಗಬೇಕು ಅನ್ನುವವರಿಗೆ 400–450 ಗುಂಪು. ನೂರು-ನೂರಹತ್ತರ ವೇಗದಲ್ಲಿ ತೃಪ್ತಿಯಿದ್ದರೆ ಇದಕ್ಕಿಂತ ಮೇಲೆ ಹೋಗಲು ಕಾರಣವೇ ಇಲ್ಲ. ಒಂಟಿಯಾಗಿ ಬಹಳ ದೂರ, ದಾರಿ ಎಂಥದ್ದೋ ಗೊತ್ತಿಲ್ಲ ಎಂದಾದರೆ ಟೆನೆರೆ. ಹೆಚ್ಚು ಹೆದ್ದಾರಿ, ಆಗಾಗ ಇಬ್ಬರು ಎಂದಾದರೆ ವಿ-ಸ್ಟ್ರಾಮ್ ಅಥವಾ ಟೈಗರ್. ಯಾವಾಗಲೂ ಇಬ್ಬರು, ಯಾವಾಗಲೂ ದೂರ, ಮಣ್ಣು ಎಂದರೆ ಜಲ್ಲಿ ರಸ್ತೆಯಷ್ಟೇ ಎನ್ನುವವರು ದೊಡ್ಡದಕ್ಕೆ ಹೋಗಿ, ಪಶ್ಚಾತ್ತಾಪ ಆಗುವುದಿಲ್ಲ. ವಾರದ ದಿನಗಳಲ್ಲೆಲ್ಲ ಟ್ರಾಫಿಕ್ಕಿನಲ್ಲಿ ಕಚೇರಿಗೆ ಹೋಗಿ, ವರ್ಷಕ್ಕೊಮ್ಮೆ ಮಣ್ಣು ನೋಡುವವರು 19 ಇಂಚಿನ ಮುಂಚಕ್ರ, ತಗ್ಗು ಸೀಟು ಇರುವುದನ್ನು ಆರಿಸಿ. ಬಾಕಿ 364 ದಿನವೂ ಅದೇ ಬೈಕ್ ಓಡಿಸಬೇಕಲ್ಲ.

ಎರಡರ ನಡುವೆ ಇನ್ನೂ ತೂಗಾಡುತ್ತಿದ್ದರೆ ಟೆಸ್ಟ್ ರೈಡಿಗೆ ಬೂಟು ಹಾಕಿಕೊಂಡೇ ಹೋಗಿ. ಫುಟ್‌ಪೆಗ್ ಮೇಲೆ ಎದ್ದು ನಿಂತು ಓಡಿಸಿ: ಹ್ಯಾಂಡಲ್ ಹಿಡಿಯಲು ಬೆನ್ನು ಬಾಗುತ್ತಿದೆಯೇ, ಟ್ಯಾಂಕಿನ ಪಕ್ಕಕ್ಕೆ ಮೊಣಕಾಲು ಸರಿಯಾಗಿ ಅಪ್ಪಿ ಕೂರುತ್ತಿದೆಯೇ, ದಪ್ಪ ಬೂಟಿನಲ್ಲಿ ಗೇರ್ ಲಿವರಿನ ಕೆಳಗೆ ಕಾಲಿನ ತುದಿ ಹೋಗುತ್ತಿದೆಯೇ ನೋಡಿ. ಎಂಜಿನ್ ಆಫ್ ಮಾಡಿ ಬೈಕನ್ನು ತಳ್ಳಿಕೊಂಡು ಎಂಟರ ಆಕಾರದಲ್ಲಿ ಒಂದು ಸುತ್ತು ತಿರುಗಿಸಿ. ಆ ಒಂದು ಸುತ್ತಿಗೇ ಉಸಿರು ಬಿಗಿಹಿಡಿಯಬೇಕಾಗಿ ಬಂದರೆ ಒಂದು ಗುಂಪು ಕೆಳಗಿನದನ್ನು ನೋಡಿ.